ಮಾವನ ನರ್ಸಿಂಗ್ ಹೋಮಲ್ಲಿ ಹೊಲಿಗೆ ಹಾಕಿದ್ದು ಶಾಡೋಯಿಂಗ್ ಅಲ್ಲ

ಮೇ ತಿಂಗಳು ಬಂತು ಅಂದ್ರೆ ಅಮೆರಿಕಾದ ಮೆಡಿಕಲ್ ಸ್ಕೂಲ್ ಅರ್ಜಿ ಬಗ್ಗೆ ಪ್ರಶ್ನೆಗಳು ಶುರು. ಕೇಳೋರಲ್ಲಿ ಕೆಲವರು ಇಲ್ಲೇ ಹುಟ್ಟಿ ಬೆಳೆದ ಮಕ್ಕಳು, ಉಳಿದೋರು ಅವರ ಅಪ್ಪ ಅಮ್ಮ. ಎಂಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ, ಜಿಪಿಎ ಅನ್ನೋ ಕಾಲೇಜ್ ಅಂಕಗಳ ವಿಷಯ ಎತ್ತಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಸಲ ಶಾಡೋಯಿಂಗ್, ಅಂದ್ರೆ ಡಾಕ್ಟ್ರ ಜೊತೆ ನಿಂತು ಅವರ ಕೆಲಸ ನೋಡೋದು, ಅದರ ಬಗ್ಗೆ ಒಂದೇ ಪ್ರಶ್ನೆಗೆ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಅದು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರ್ತಾನೇ ಇದೆ, ಅದ್ರಲ್ಲಿ ರೋಗಿಗೇ ತೊಂದ್ರೆ ಆಗೋ ಮಾತಿದೆ.

ಪ್ರಶ್ನೆ: ನಾನು ಕಾಲೇಜ್ ಮೂರನೇ ವರ್ಷ. ಎರಡು ಬೇಸಿಗೆ ರಜೆ ಕರ್ನಾಟಕದಲ್ಲಿ ಸೋದರಮಾವನ ನರ್ಸಿಂಗ್ ಹೋಮಲ್ಲಿ ಕಳೆದೆ. ಇಲ್ಲಿ ಥರ ಮೂಲೆಲಿ ನಿಂತು ನೋಡೋದಲ್ಲ, ಮಾವ ಇಂಜೆಕ್ಷನ್ ಕೊಡೋಕೆ, ಗಾಯಕ್ಕೆ ಹೊಲಿಗೆ ಹಾಕೋಕೆ ಬಿಟ್ರು, ಒಂದು ಹೆರಿಗೆಲೂ ಕೈ ಹಾಕಿದೆ. ನಮ್ಮ ಅಡ್ಮಿಷನ್ ಕನ್ಸಲ್ಟೆಂಟ್ ಇದನ್ನೇ ಅರ್ಜಿಲಿ ದೊಡ್ಡದಾಗಿ ಬರಿ ಅಂತಿದ್ದಾರೆ. ಹೇಗೆ ಬರೆದ್ರೆ ಚೆನ್ನ?

ಉತ್ತರ: ಹೊಲಿಗೆ, ಇಂಜೆಕ್ಷನ್ನನ್ನ ಸಾಧನೆ ಅಂತ ಬರೀಲೇಬೇಡಿ. ನಿಮಗೆ ಸಲಹೆ ಕೊಟ್ಟೋರಿಗೆ ಅಡ್ಮಿಷನ್ ಕಮಿಟಿಲಿ ಕೂತು ಅರ್ಜಿ ಓದೋರು ಹೇಗೆ ಯೋಚ್ನೆ ಮಾಡ್ತಾರೆ ಅನ್ನೋದು ಗೊತ್ತಿಲ್ಲ. ಅವರಲ್ಲಿ ಎಷ್ಟೋ ಜನ ಡಾಕ್ಟ್ರುಗಳೇ. ಅವರು ಈ ಸಾಲು ಓದಿದಾಗ ಹುಡುಗ ಎಷ್ಟು ಚುರುಕು ಅನ್ಕೊಳಲ್ಲ, ತರಬೇತಿ ಇಲ್ಲದೆ ಇನ್ನೊಬ್ರ ಮೈಗೆ ಸೂಜಿ ಹಾಕಿ ಅದನ್ನ ಹೆಮ್ಮೆಯಿಂದ ಬರೀತಾನಲ್ಲ, ನಾಳೆ ನಮ್ಮ ವಾರ್ಡಲ್ಲಿ ಏನು ಮಾಡ್ತಾನೋ ಅಂತ ನೋಡ್ತಾರೆ. ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ 2011ರಲ್ಲೇ ಹೊರದೇಶಗಳಲ್ಲಿ ಕ್ಲಿನಿಕಲ್ ಅನುಭವಕ್ಕೆ ಹೋಗೋ ವಿದ್ಯಾರ್ಥಿಗಳಿಗೆ ಅಂತ ಮಾರ್ಗಸೂಚಿ ಹೊರಡಿಸಿದೆ, ತರಬೇತಿ ಇಲ್ಲದ ಕೆಲಸಕ್ಕೆ ಕೈ ಹಾಕಬೇಡಿ ಅನ್ನೋದೇ ಅದರ ಸಾರ. ಇಷ್ಟು ವರ್ಷ ಆದ್ರೂ ದುಡ್ಡು ತಗೊಂಡು ಸಲಹೆ ಕೊಡೋರು ಅದನ್ನ ಓದಿಲ್ಲ ಅಂದ್ರೆ ನನಗೆ ಸಿಟ್ಟು ಬರುತ್ತೆ.

ಅರ್ಜಿ ಮಾತು ಬಿಡಿ, ಆ ರೋಗಿ ಬಗ್ಗೆ ಯೋಚ್ನೆ ಮಾಡಿ. ಬಿಳಿ ಕೋಟು ಹಾಕ್ಕೊಂಡು ನಿಂತೋರನ್ನೆಲ್ಲ ನಮ್ಮೂರ ಕಡೆ ಜನ ಡಾಕ್ಟ್ರೇ ಅಂತಲೇ ಕರೀತಾರೆ. ಈ ಹುಡುಗ ಇನ್ನೂ ಮೆಡಿಕಲ್ ಸೇರೇ ಇಲ್ಲ, ಇವನು ಹೊಲಿಗೆ ಹಾಕಬಹುದಾ ಅಂತ ಆಯಮ್ಮನ್ನ ಯಾರಾದ್ರೂ ಕೇಳಿದ್ರಾ? ಕೇಳಿದ್ರೂ ದೊಡ್ಡ ಡಾಕ್ಟ್ರ ಮುಂದೆ ಬೇಡ ಅನ್ನೋ ಧೈರ್ಯ ಎಷ್ಟು ಜನಕ್ಕಿರುತ್ತೆ? ಹೆರಿಗೆ ಅಂತೂ ಒಂದು ನಿಮಿಷದಲ್ಲಿ ತಾಯಿ ಮಗು ಇಬ್ಬರ ಜೀವಕ್ಕೂ ಬರೋ ವಿಷಯ, ಕಲಿಯೋಕೆ ಅಂತ ರಜೆಗೆ ಬಂದೋರು ಕೈ ಹಾಕೋ ಜಾಗ ಅಲ್ಲ. ಇಂಡಿಯಾದಲ್ಲಿ ಇದೆಲ್ಲ ನಡಿಯುತ್ತೆ ಅಂತ ಹೇಳೋರಿಗೆ ಒಂದು ಮಾತು, ಅಲ್ಲೂ ನಡಿಬಾರ್ದು. 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ವೈದ್ಯ ವೃತ್ತಿ ಮಾಡಿದ್ರೆ 1 ವರ್ಷದವರೆಗೆ ಜೈಲು, ಇಲ್ಲಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ನಿಮ್ಮ ಮಾವ ಪ್ರೀತಿಯಿಂದಲೇ ಬಿಟ್ಟಿರ್ತಾರೆ, ಆದ್ರೆ ಏನಾದ್ರೂ ಹೆಚ್ಚು ಕಮ್ಮಿ ಆಗಿದ್ರೆ ಮೊದಲು ಉತ್ತರ ಹೇಳಬೇಕಾಗ್ತಿದ್ದಿದ್ದು ಅವರೇ. ಅಮೆರಿಕಾದಲ್ಲಿ ನಿಮಗೆ ಮಾಡೋಕೆ ಬಿಡದ ಕೆಲಸನ ಬೇರೆ ಯಾವ ದೇಶದಲ್ಲೂ ಮಾಡಬೇಡಿ, ನಾನು ಎಲ್ಲರಿಗೂ ಹೇಳೋದು ಇಷ್ಟೇ. ಸಾವಿರಾರು ಡಾಲರ್ ತಗೊಂಡು, ಬನ್ನಿ ಆಪರೇಷನ್ನಲ್ಲಿ ಕೈ ಜೋಡಿಸಿ ಅಂತ ಮಕ್ಕಳನ್ನ ಬಡ ದೇಶಗಳಿಗೆ ಕರ್ಕೊಂಡು ಹೋಗೋ ಕಂಪನಿಗಳಿಗೂ ಇದೇ ಮಾತು, ಅಂಥೋರಿಗೆ ಒಂದು ಡಾಲರೂ ಕೊಡಬೇಡಿ.

ಹಾಗಂತ ಆ ಎರಡು ಬೇಸಿಗೆ ದಂಡ ಆಯ್ತು ಅಂತ ಅಲ್ಲ. ನೋಡಿದ್ದು ಬೇಕಾದಷ್ಟಿರುತ್ತೆ. ರೋಗಿಗೆ ಟೆಸ್ಟ್ ಮಾಡಿಸಿ ಅಂತ ಬರೆದು ಕೊಡೋ ಮುಂಚೆ ಅವರ ಮನೇಲಿ ದುಡ್ಡು ಹೊಂದುತ್ತಾ ಅಂತ ಮಾವ ಹೇಗೆ ವಿಚಾರಿಸ್ತಿದ್ರು, ರೋಗಿ ಸುಮ್ಮನಿದ್ದು ಮನೆಯೋರೇ ಎಲ್ಲ ಮಾತಾಡುವಾಗ ನಿಜವಾದ ಕಾಯಿಲೆ ಹೇಗೆ ಹೊರಗೆ ಬಂತು, ಕೆಟ್ಟ ಸುದ್ದಿ ಯಾರಿಗೆ ಮೊದಲು ಹೇಳಿದ್ರು, ಇದೆಲ್ಲ ಬರೆಯೋಕೆ ಯೋಗ್ಯವಾದದ್ದೇ. ಅರ್ಜಿಲಿ ಇದನ್ನ ಶಾಡೋಯಿಂಗ್ ಅಂತ ಒಂದು ಎಂಟ್ರಿ ಮಾಡಿ, ನೋಡ್ತಾ ನಿಂತಿದ್ದ ಗಂಟೆ ಮಾತ್ರ ಲೆಕ್ಕಕ್ಕೆ ಹಾಕಿ, ಮಾವ ಸಂಬಂಧಿ ಅನ್ನೋದನ್ನ ಮುಚ್ಚಿಡಬೇಡಿ. ಮೆಡಿಕಲ್ ಸ್ಕೂಲ್‌ಗಳಿಗೆ ಒಟ್ಟಿಗೆ ಹಾಕೋ ಆಮ್‌ಕಾಸ್ ಅರ್ಜಿಲಿ ಒಟ್ಟು 15 ಚಟುವಟಿಕೆಗೆ ಜಾಗ, ಪ್ರತಿಯೊಂದಕ್ಕೂ 700 ಅಕ್ಷರ, ಅದರಲ್ಲಿ ಮುಖ್ಯ ಅಂತ ಆರಿಸೋ 3ಕ್ಕೆ ಮಾತ್ರ ಇನ್ನೂ 1325 ಅಕ್ಷರ ಸಿಗುತ್ತೆ. ಆ ಮೂರರಲ್ಲಿ ಇದನ್ನ ಹಾಕ್ಬೇಡಿ. ಇಂಟರ್‌ವ್ಯೂಲಿ ರೋಗಿಗಳಿಗೆ ನೀವೇ ಏನಾದ್ರೂ ಮಾಡಿದ್ರಾ ಅಂತ ನೇರವಾಗಿ ಕೇಳಿದ್ರೆ ಮಾತ್ರ ಸುಳ್ಳು ಬೇಡ, ಮಾಡಿದೆ, ಮಾಡಬಾರದಿತ್ತು ಅಂತ ಈಗ ಗೊತ್ತು, ಯಾಕೆ ಅಂತಲೂ ಗೊತ್ತು ಅನ್ನಿ.

ಇನ್ನೊಂದು, ಇದಿಷ್ಟೇ ಇಟ್ಕೊಂಡು ಅರ್ಜಿ ಹಾಕೋಕಾಗಲ್ಲ. ನೀವು ಕೆಲಸ ಮಾಡೋಕೆ ಹೊರಟಿರೋದು ಇಲ್ಲಿ, ಇಲ್ಲಿನ ಡಾಕ್ಟ್ರ ದಿನ ಹೇಗಿರುತ್ತೆ, ಇನ್ಶೂರೆನ್ಸ್ ಕಂಪನಿ ಜೊತೆ ಎಷ್ಟು ಹೊತ್ತು ಹೋಗುತ್ತೆ, ರೋಗಿ ಹೋದ ಮೇಲೆ ಕಂಪ್ಯೂಟರ್ ಮುಂದೆ ಎಷ್ಟು ಹೊತ್ತು ಕೂರ್ತಾರೆ ಅನ್ನೋದು ನೋಡಿರಬೇಕು. ಮೊದಲು ನಿಮ್ಮ ಸ್ವಂತ ಡಾಕ್ಟ್ರನ್ನೇ ಕೇಳಿ, ಚಿಕ್ಕಂದಿನಿಂದ ನೋಡಿದ ಮಕ್ಕಳ ಡಾಕ್ಟ್ರು ಇದ್ರೆ ಅವರನ್ನ ಕೇಳಿ. ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಮೇಲ್ ಹಾಕಿ ಉತ್ತರ ಬರ್ಲಿಲ್ಲ ಅಂತ ಕೂರೋದಕ್ಕಿಂತ ಚಿಕ್ಕ ಫ್ಯಾಮಿಲಿ ಮೆಡಿಸಿನ್ ಕ್ಲಿನಿಕ್ ಆಫೀಸ್ ಮ್ಯಾನೇಜರಿಗೆ ಫೋನ್ ಮಾಡಿದ್ರೆ ಬೇಗ ಕೆಲಸ ಆಗುತ್ತೆ. ಮೇಲ್ ಬರೆದ್ರೆ ನಾಲ್ಕೈದು ಸಾಲು ಸಾಕು, ಯಾರು, ಎಲ್ಲಿ ಓದ್ತಿದೀರಿ, ಯಾವ ದಿನ ಬಿಡುವು, ಆಸ್ಪತ್ರೆ ಕೇಳೋ ಪೇಪರ್ ರೆಡಿ ಇದೆಯಾ. ಪೇಪರ್ ಅಂದ್ರೆ ಟಿಬಿ ಟೆಸ್ಟ್, ಲಸಿಕೆ ದಾಖಲೆ, ರೋಗಿ ಗೋಪ್ಯತೆ ಬಗ್ಗೆ ಇರೋ 1996ರ ಹಿಪ್ಪಾ ಕಾಯ್ದೆ ತರಬೇತಿ, ಕೆಲವು ಕಡೆ ಪೊಲೀಸ್ ಬ್ಯಾಕ್‌ಗ್ರೌಂಡ್ ಚೆಕ್. ಒಳಗೆ ಹೋದ ಮೇಲೆ ವಿದ್ಯಾರ್ಥಿ ಅಂತ ಹೇಳ್ಕೊಳಿ, ರೋಗಿ ಬೇಡ ಅಂದ್ರೆ ಮುಖ ಸಣ್ಣ ಮಾಡ್ಕೊಳ್ದೆ ಆಚೆ ಬನ್ನಿ. ಪುಸ್ತಕದಲ್ಲಿ ಹೆಸರು ಬರ್ಕೊಳೋದು, ಕಾರಿಡಾರಲ್ಲಿ ಫೋಟೋ ತಗೊಳೋದು ಎರಡೂ ಬೇಡ, ಫೋನ್ ಕೈಲಿ ಹಿಡಿದ ವಿದ್ಯಾರ್ಥಿನ ನಾನು ಎರಡನೇ ದಿನ ಕರೆಯಲ್ಲ.

ಪ್ರಶ್ನೆ: ಎಷ್ಟು ಗಂಟೆ ಶಾಡೋಯಿಂಗ್ ಬೇಕು?

ಎಲ್ಲ ಕಾಲೇಜಿಗೂ ಅನ್ವಯ ಆಗೋ ಸಂಖ್ಯೆ ಇಲ್ಲ, ನೀವು ಹಾಕೋ ಕಾಲೇಜಿನ ಪುಟ ಓದಿ, ಇದನ್ನ ದಯವಿಟ್ಟು ಮತ್ತೆ ಕೇಳಬೇಡಿ.

ಪ್ರಶ್ನೆ: ಆಸ್ಪತ್ರೆ ವಾಲಂಟಿಯರ್ ಅಂತ ಸೇರಿದ್ರೆ ಗಿಫ್ಟ್ ಶಾಪಲ್ಲಿ ಕೂರಿಸಿದ್ದಾರೆ, ಇದರಿಂದ ಏನು ಉಪಯೋಗ?

ಸೇವೆ ಅಂತ ಲೆಕ್ಕ, ಕ್ಲಿನಿಕಲ್ ಅನುಭವ ಅಂತ ಅಲ್ಲ. ಕೆಲವು ತಿಂಗಳು ತಪ್ಪಿಸದೆ ಹೋಗಿ ಆಮೇಲೆ ವಾರ್ಡಿಗೆ ಬದಲಾಯಿಸಿ ಅಂತ ಕೋಆರ್ಡಿನೇಟರನ್ನ ಕೇಳಿ. ನನ್ನ ಮಾತು ಕೇಳೋದಾದ್ರೆ ಹಾಸ್ಪಿಸ್‌ಗೆ, ಅಂದ್ರೆ ಕೊನೆಗಾಲದ ರೋಗಿಗಳನ್ನ ನೋಡ್ಕೊಳೋ ಕಡೆಗೆ ಹೋಗಿ. ವಯಸ್ಸಾದೋರ ಸರ್ಕಾರಿ ವಿಮೆ ಮೆಡಿಕೇರ್‌ನಿಂದ ದುಡ್ಡು ತಗೊಳೋ ಹಾಸ್ಪಿಸ್‌ಗಳಲ್ಲಿ ರೋಗಿ ಆರೈಕೆ ಗಂಟೆಗಳ ಕನಿಷ್ಠ 5 ಪರ್ಸೆಂಟ್ ವಾಲಂಟಿಯರ್‌ಗಳಿಂದಲೇ ಆಗಬೇಕು ಅಂತ ಫೆಡರಲ್ ನಿಯಮ ಇದೆ, ಹಾಗಾಗಿ ಅವರಿಗೆ ಜನ ಯಾವಾಗಲೂ ಬೇಕು. ಸಾಯ್ತಿರೋರ ಪಕ್ಕ ಕೂತು ಮಾತು ಕೇಳೋದು ಎಲ್ಲರ ಕೈಲೂ ಆಗಲ್ಲ, ಆಗುತ್ತಾ ಇಲ್ವಾ ಅಂತ ಮೆಡಿಕಲ್ ಸೇರೋ ಮುಂಚೆನೇ ಗೊತ್ತಾಗ್ಲಿ.

ಪ್ರಶ್ನೆ: ದುಡ್ಡು ಬರೋ ಕೆಲಸ ಮಾಡಿದ್ರೆ ಲೆಕ್ಕಕ್ಕೆ ಬರುತ್ತಾ? ಮನೆ ಪರಿಸ್ಥಿತಿ ನೋಡಿದ್ರೆ ಪುಕ್ಕಟೆ ದುಡಿಯೋಕಾಗಲ್ಲ.

ಖಂಡಿತ ಬರುತ್ತೆ, ಸಂಕೋಚ ಪಡಬೇಡಿ. ಡಾಕ್ಟ್ರು ರೋಗಿ ನೋಡುವಾಗ ಟಿಪ್ಪಣಿ ಬರೆಯೋ ಸ್ಕ್ರೈಬ್ ಕೆಲಸ ಇದೆ, ಆಂಬುಲೆನ್ಸಲ್ಲಿ ತುರ್ತು ಚಿಕಿತ್ಸೆ ಕೊಡೋ ಇಎಂಟಿ ಕೆಲಸ ಇದೆ. ನರ್ಸಿಂಗ್ ಅಸಿಸ್ಟೆಂಟ್ ಆಗೋಕೆ ಫೆಡರಲ್ ಕನಿಷ್ಠ ತರಬೇತಿ 75 ಗಂಟೆ, ಕೆಲವು ರಾಜ್ಯಗಳಲ್ಲಿ ಜಾಸ್ತಿ. ಮಲಗಿದೋರನ್ನ ಮಗ್ಗುಲು ಬದಲಾಯಿಸಿ ಶುಚಿ ಮಾಡಿದ ಹುಡುಗಿಯ ಅರ್ಜಿನ ನಾನು ಗೌರವದಿಂದ ಓದ್ತೀನಿ.

ಪ್ರಶ್ನೆ: ಮಗಳಿಗೆ ಕನ್ನಡ ಚೆನ್ನಾಗಿ ಬರುತ್ತೆ, ಕನ್ನಡದ ಅಜ್ಜ ಅಜ್ಜಿ ಬಂದಾಗ ಇಂಟರ್‌ಪ್ರಿಟರ್ ಆಗಬಹುದಾ?

ತರಬೇತಿ ಇಲ್ಲದೆ ಬೇಡ. ಒಂದು ಮಾತ್ರೆ ಬೆಳಗ್ಗೆ ಅಂದಿದ್ದು ರಾತ್ರಿ ಅಂತಾದ್ರೆ ಅನುಭವಿಸೋದು ಅಜ್ಜಿ. ಜೊತೆಲಿ ಕೂತು ಮಾತಾಡ್ಲಿ, ನೀರು ತಂದು ಕೊಡ್ಲಿ, ಕಾಯಿಲೆ ವಿಷಯ ಬಂದಾಗ ಆಸ್ಪತ್ರೆಯ ಇಂಟರ್‌ಪ್ರಿಟರನ್ನ ಕರೆಸಲಿ.

ಪ್ರಶ್ನೆ: ಪರಿಚಯದ ಡಾಕ್ಟ್ರು 100 ಗಂಟೆಗೆ ಸೈನ್ ಹಾಕ್ತೀನಿ ಅಂತಾರೆ, ಹೋಗಿರೋದು ಎರಡೇ ದಿನ.

ಎರಡು ದಿನದ ಗಂಟೆ ಎಷ್ಟೋ ಅಷ್ಟೇ ಬರೀರಿ, ಆ ಡಾಕ್ಟ್ರ ಹತ್ರ ಮತ್ತೆ ಹೋಗಬೇಡಿ.

ಪ್ರಶ್ನೆ: ಮಗ ನಾಚಿಕೆ ಸ್ವಭಾವ, ಶಾಡೋಯಿಂಗ್ ಕೇಳಿ ನಾನೇ ನಿಮಗೆ ಮೇಲ್ ಹಾಕಲಾ?

ಬೇಡಮ್ಮ. ಅಪ್ಪ ಅಮ್ಮ ಬರೆದ ಮೇಲಿಗೆ ನಾನು ಒಪ್ಪಿಗೆ ಕೊಡಲ್ಲ. ಅವನೇ ಬರೀಲಿ, ತಪ್ಪು ಇಂಗ್ಲಿಷ್ ಆದ್ರೂ ಪರವಾಗಿಲ್ಲ, ಓದಿ ಉತ್ತರ ಕೊಡ್ತೀನಿ.