‘ಏನೂ ಆಗಲಿಲ್ಲ’ ಅಂತ ಮೂರು ಸಲ ಬರೆದಿದ್ದೀಯಲ್ಲ

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಮೊದಲ ಸಲ ಓದಿದಾಗ ಗಂಡ-ಹೆಂಡಿರ ಜಗಳ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆ. ರಾತ್ರಿ ಊಟವಾದ ಮೇಲೆ ಮತ್ತೆ ತೆಗೆದು ಓದಿದವಳಿಗೆ ನಿದ್ದೆ ಹತ್ತಲಿಲ್ಲ. ‘ಅಕ್ಕಾ’ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಮಾತಾಡುತ್ತೇನೆ.

ಉಳಿದ ಓದುಗರಿಗೆ ವಿಷಯ ಇಷ್ಟು: ಈಕೆ ತೀರ್ಥಹಳ್ಳಿ ಕಡೆಯವಳು, ಈಗ ಅಮೆರಿಕದ ಪ್ರಜೆ. ಮಾಜಿ ಸೈನಿಕರಿಗೆಂದೇ ಅಲ್ಲಿನ ಸರ್ಕಾರ ನಡೆಸುವ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಟೆಕ್ನಾಲಜಿಸ್ಟ್. ಖಾಸಗಿ ಸ್ಕ್ಯಾನಿಂಗ್ ಸೆಂಟರೊಂದು ಹೆಚ್ಚು ಸಂಬಳಕ್ಕೆ ಕರೆದಿದೆ. ‘ಮಂಡಿ, ಸೊಂಟ ಸ್ಕ್ಯಾನ್ ಮಾಡಿ ಐದಕ್ಕೆ ಮನೆಗೆ ಬಾ, ಆ ಮುದುಕರ ಯುದ್ಧ ನಮ್ಮನೆಗೆ ಯಾಕೆ?’ ಅನ್ನುವುದು ಗಂಡನ ವಾದ. ಇವಳಿಗೆ ಆ ಮುದುಕರನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಏನು ಮಾಡಲಿ ಅಂತ ಕೇಳಿದ್ದಾಳೆ.

ನಾಲ್ಕು ಪುಟದ ಪತ್ರದಲ್ಲಿ ಮೂರೂವರೆ ಪುಟ ಗಂಡನ ಮೇಲಿನ ದೂರು. ನನ್ನ ಕಣ್ಣು ನಿಂತದ್ದು ಎರಡನೇ ಪುಟದ ಕೊನೆಯಲ್ಲಿ ನೀನು ತುರುಕಿದ ಆ ಐದಾರು ಸಾಲಿನ ಮೇಲೆ.

ವಿಯೆಟ್ನಾಂನಲ್ಲಿ ಹೋರಾಡಿದ ಎಪ್ಪತ್ತಾರರ ಹಿರಿಯರು. ನೀನು ಅವರ ತಲೆಗೆ ಆ ಪಂಜರದಂಥ ಕಾಯಿಲ್ ಹಾಕಿ, ಕಿವಿಗೆ ಬೆಣೆ ತುರುಕಿ ಒಳಗೆ ಕಳಿಸಿದೆ. ಯಂತ್ರ ಬಡಿಯಲು ಶುರುವಾದ ಎರಡನೇ ನಿಮಿಷಕ್ಕೆ ಕೈಲಿದ್ದ ರಬ್ಬರ್ ಬಲ್ಬನ್ನು ಹಿಸುಕಿ ಕೂಗಿಕೊಂಡರು. ಹೊರಗೆಳೆದೆ. ಅವರಿಗೆ ಆ ಸದ್ದು ಮೆಷಿನ್ ಗನ್ನಿನದು. ಆ ಯುದ್ಧ ಮುಗಿದದ್ದು 1975ರಲ್ಲಿ. ಇಂಥ ಮನಸ್ಸಿನ ಗಾಯಕ್ಕೆ ಇಟ್ಟ ಪಿಟಿಎಸ್‌ಡಿ ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಹೆಸರಿಲ್ಲದ ನೋವನ್ನು ಹೊತ್ತುಕೊಂಡು ಎಷ್ಟೋ ಜನ ಮನೆಗೆ ಮರಳಿದ್ದರು. ನೀನು ಅವರ ಪಕ್ಕದಲ್ಲಿ ಕೂತೆ, ನೀರು ಕೊಟ್ಟೆ, ಮೊಮ್ಮಗಳ ಮಾತು ತೆಗೆದೆ. ಅರ್ಧ ಗಂಟೆಯಾದ ಮೇಲೆ ‘ಇನ್ನೊಂದು ಸಲ ನೋಡೋಣ’ ಅಂದರು. ಇದನ್ನು ಓದುವಾಗ ನನ್ನ ಕಣ್ಣು ತುಂಬಿತು. ಇಂಥ ಕೆಲಸ ಮಾಡುವ ಹೆಣ್ಣುಮಗಳು ನಮ್ಮೂರವಳು ಅಂತ ಹೆಮ್ಮೆಯೂ ಆಯಿತು.

ಮುಂದೆ ನೀನೇ ಬರೆದದ್ದು: ‘ಚಳಿ ಅಂತ ಅವರ ಜಾಕೆಟ್ ಕೊಟ್ಟಿದ್ದೆ. ವಾಪಸ್ ಕರೆದೊಯ್ಯುವಾಗ ಜೇಬು ನೋಡಲಿಲ್ಲ. ಬಾಗಿಲು ದಾಟಿದ ಮೇಲೆ ಜೇಬು ತಾನಾಗಿ ಮೇಲೆದ್ದಿತು. ಒಳಗೆ ಮಡಚುವ ಚಾಕು. ಗಟ್ಟಿಯಾಗಿ ಹಿಡಿದು ಹಿಂದಕ್ಕೆಳೆದೆ. ಏನೂ ಆಗಲಿಲ್ಲ.’

ಪತ್ರದಲ್ಲಿ ಮತ್ತೆರಡು ಕಡೆ, ಸಂಬಂಧವೇ ಇಲ್ಲದ ಜಾಗದಲ್ಲಿ, ಅದೇ ‘ಏನೂ ಆಗಲಿಲ್ಲ’.

ಆ ಕೋಣೆಯ ಆಯಸ್ಕಾಂತ ಎಂಥದ್ದು ಅಂತ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಸಾಮಾನ್ಯ ಎಂಆರ್‌ಐ ಯಂತ್ರದ ಬಲ 1.5 ಟೆಸ್ಲಾ, ಅಂದರೆ ನಮ್ಮ ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು. ದ್ರವ ಹೀಲಿಯಂನಲ್ಲಿ ಮುಳುಗಿ ಮೈನಸ್ 269 ಡಿಗ್ರಿಯಲ್ಲಿರುವ ತಂತಿ ಸುರುಳಿ ಅದು. ಸ್ಕ್ಯಾನ್ ನಿಂತರೂ ಅದು ನಿಲ್ಲುವುದಿಲ್ಲ, ರಾತ್ರಿ ದೀಪ ಆರಿಸಿ ಬೀಗ ಹಾಕಿದರೂ ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದಿದ್ದ 32 ವರ್ಷದ ಸಂಬಂಧಿಕ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡ. ಯಂತ್ರ ಆಫ್ ಆಗಿದೆ ಅಂತ ಸಿಬ್ಬಂದಿಯೇ ಹೇಳಿದ್ದರು ಅಂತ ಮನೆಯವರು ಅತ್ತರು. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಆವತ್ತಿನಿಂದ ಒಂದೊಂದು ಫಾರಂ ನಾಲ್ಕು ಸಲ ಓದುತ್ತೀಯ. ಹೊಟ್ಟೆಯಲ್ಲಿ ಗುಂಡಿನ ಚೂರಿದೆಯೇ, ಕಣ್ಣಿಗೆ ಲೋಹದ ಪುಡಿ ಹಾರಿತ್ತೇ, ಪೇಸ್‌ಮೇಕರ್ ಇದೆಯೇ ಅಂತ ಕೇಳಿದವರನ್ನೇ ಮತ್ತೆ ಕೇಳುತ್ತೀಯ. ನಡುರಾತ್ರಿ ಎದ್ದು ಕೂರುತ್ತೀಯ. ಅದನ್ನು ‘ಕೆಲಸದ ಒತ್ತಡ’ ಅಂತ ಬರೆದಿದ್ದೀಯ. ನಾನು ಒಪ್ಪುವುದಿಲ್ಲ.

ಗಂಡನನ್ನು ಕಲ್ಲುಮನಸ್ಸಿನವನು ಅಂದಿದ್ದೀಯ. ನನಗೆ ಹಾಗೆ ಕಾಣಲಿಲ್ಲ. ಅವನಿಗೆ ಜಾಕೆಟ್ಟಿನ ಕತೆಯೇ ಗೊತ್ತಿಲ್ಲ. ಹೆಂಡತಿ ರಾತ್ರಿ ಎದ್ದು ಕೂರುವುದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಅಂಥವನು ಸಂಬಳದ ಮಾತಲ್ಲದೆ ಇನ್ನೇನು ಆಡಿಯಾನು?

ನನಗೆ ಸಿಟ್ಟು ಬಂದದ್ದು ನಿನ್ನ ಸೀನಿಯರ್ ಮೇಲೆ. ನೀನು ನಡುಗುತ್ತಾ ಹೋಗಿ ಹೇಳಿದರೆ ಆಕೆ ಚಾಕುವನ್ನು ಹಿರಿಯರ ಮಗನ ಕೈಗೆ ಕೊಟ್ಟು, ‘ಏನೂ ಆಗಲಿಲ್ಲವಲ್ಲ, ಬಿಡು, ಬರೆದರೆ ನೂರು ಪ್ರಶ್ನೆ ಬರುತ್ತೆ’ ಅಂದಳಂತೆ. ಅಕ್ಕರೆಯಿಂದ ಅಂದಳು ಅಂತ ನೀನು ವಹಿಸಿಕೊಂಡು ಬರೆದಿದ್ದೀಯ. ತಂಗೀ, ಅದು ಅಕ್ಕರೆಯಲ್ಲ. ತನ್ನ ಪಾಳಿ ಸುಸೂತ್ರವಾಗಿ ಮುಗಿಯಲಿ ಅಂತ ನಿನ್ನ ತಲೆ ಮೇಲೆ ಕಲ್ಲು ಹೊರಿಸಿ ಕಳಿಸಿದಳು. ‘ಏನೂ ಆಗಲಿಲ್ಲ’ ಅನ್ನುವ ಮಾತೂ ಅವಳದ್ದೇ. ನೀನು ಅದನ್ನು ಜಪದ ಹಾಗೆ ಹೇಳಿಕೊಳ್ಳುತ್ತಿದ್ದೀಯ.

ನನ್ನ ಅಮ್ಮ ಜಿಲ್ಲಾಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಒಂದು ರಾತ್ರಿ ಸಿರಿಂಜಿಗೆ ಬೇರೆ ಬಾಟಲಿಯ ಔಷಧ ಎಳೆದುಕೊಂಡು ಮಗುವಿನ ಮಂಚದ ತನಕ ಹೋಗಿದ್ದಳು. ಬೆಳಕಿಗೆ ಹಿಡಿದಾಗ ಬಣ್ಣ ಬೇರೆ ಕಂಡಿತು, ಚೆಲ್ಲಿದಳು. ಎರಡೂ ಬಾಟಲಿ ಒಂದೇ ಆಕಾರ, ಒಂದೇ ಅಲಮಾರು, ಅಕ್ಕಪಕ್ಕ. ಬೆಳಿಗ್ಗೆ ಮೇಲಿನವರು ‘ಸುಮ್ಮನಿರು’ ಅಂದರು, ಸುಮ್ಮನಾದಳು. ನನಗೆ ಹೇಳಿದ್ದು ಅವಳ ಎಪ್ಪತ್ತನೇ ವಯಸ್ಸಿಗೆ, ಸೊಪ್ಪು ಬಿಡಿಸುತ್ತಾ ಕೂತಿದ್ದಾಗ. ‘ಆ ಬಾಟಲಿಗಳು ನಾನು ರಿಟೈರ್ ಆಗುವ ತನಕ ಅಲ್ಲೇ ಇದ್ದವು ಕಣೇ’ ಅಂದಳು. ಕೈಯಲ್ಲಿದ್ದ ದಂಟು ಹಾಗೇ ನಿಂತಿತ್ತು. ಬಚ್ಚಿಟ್ಟದ್ದು ಒಳಗೇ ಬೆಳೆಯುತ್ತದೆ ಅಂತ ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆಯುತ್ತೇನಲ್ಲ, ಅದನ್ನು ಕಲಿತದ್ದು ಆವತ್ತು.

ಅಮ್ಮನಿಗೆ ಹೇಳಿಕೊಳ್ಳಲು ಜಾಗವಿರಲಿಲ್ಲ. ನಿನಗಿದೆ. ನಿನ್ನ ಆಸ್ಪತ್ರೆ ನಡೆಸುವ ಮಾಜಿ ಸೈನಿಕರ ಇಲಾಖೆಯೇ 1999ರಲ್ಲಿ ರೋಗಿಗಳ ಸುರಕ್ಷತೆಗೆಂದು ರಾಷ್ಟ್ರೀಯ ಕೇಂದ್ರವನ್ನು ತೆರೆಯಿತು. ಅದರ ಮೊದಲ ನಿರ್ದೇಶಕ ಜೇಮ್ಸ್ ಬೇಗಿಯನ್ ವೈದ್ಯ, ಎರಡು ಸಲ ಬಾಹ್ಯಾಕಾಶಕ್ಕೆ ಹೋಗಿ ಬಂದವರು. ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಆದ ಅನಾಹುತದಷ್ಟೇ ಗಂಭೀರವಾಗಿ ನೋಡಬೇಕು ಅನ್ನುವುದು ಅಲ್ಲಿನ ಕ್ರಮ. ಅದಕ್ಕೆ ನಿಮ್ಮಲ್ಲಿ ‘ಕ್ಲೋಸ್ ಕಾಲ್’ ಅನ್ನುತ್ತಾರೆ. ಬೇಕಂತಲೇ ಮಾಡಿದ್ದು, ಅಮಲಿನಲ್ಲಿ ಮಾಡಿದ್ದು ಬೇರೆ ದಾರಿಗೆ ಹೋಗುತ್ತದೆ. ಉಳಿದದ್ದರಲ್ಲಿ ಅವರು ಹುಡುಕುವುದು ಏನಾಯಿತು, ಯಾಕಾಯಿತು, ಇನ್ನೊಮ್ಮೆ ಆಗದಂತೆ ಏನು ಮಾಡಬೇಕು ಅಂತ. ಮಧ್ಯೆ ಹೊರಬಂದ ರೋಗಿಯನ್ನು ಮತ್ತೆ ಒಳಗೆ ಬಿಡುವಾಗ ಮೊದಲಿನಿಂದ ತಪಾಸಣೆ ಮಾಡಬೇಕು ಅನ್ನುವ ಸಾಲು ನಿಮ್ಮ ಗೋಡೆಯ ಮೇಲಿದೆಯೇ? ಚಳಿಯಾದವರಿಗೆ ಕೊಡಲು ಹತ್ತಿರದಲ್ಲಿ ಕಂಬಳಿ ಇದೆಯೇ? ಕಂಬಳಿ ಕೈಗೆ ಸಿಕ್ಕಿದ್ದರೆ ನೀನು ಜಾಕೆಟ್ ತೆಗೆಯುತ್ತಲೇ ಇರಲಿಲ್ಲ.

ಖಾಸಗಿ ಸೆಂಟರಿಗೆ ಹೋಗಬೇಕೋ ಬೇಡವೋ ಅಂತ ನಾನು ಈಗ ಹೇಳುವುದಿಲ್ಲ. ಈ ಸ್ಥಿತಿಯಲ್ಲಿ ಹೋದರೆ ಆ ಚಾಕುವನ್ನೂ ಹೊತ್ತುಕೊಂಡೇ ಹೋಗುತ್ತೀಯ. ಅಲ್ಲಿಯೂ ಅದೇ ಆಯಸ್ಕಾಂತ, ಅದೇ ಬಾಗಿಲು.

ಮಾಡಬೇಕಾದದ್ದು ಒಂದೇ. ಸೋಮವಾರ ಪಾಳಿ ಶುರುವಾಗುವ ಮೊದಲು ಈ ‘ಕ್ಲೋಸ್ ಕಾಲ್’ ಬಗ್ಗೆ ವರದಿ ಬರೆದು ಕಳಿಸು. ಸೀನಿಯರ್‌ನ ಅಪ್ಪಣೆ ಕೇಳಬೇಡ. ಇಂಗ್ಲಿಷ್‌ನಲ್ಲಿ ಕೈ ಓಡದಿದ್ದರೆ ಭಾನುವಾರ ರಾತ್ರಿ ಅಡಿಗೆಮನೆ ಮೇಜಿನ ಮೇಲೆ ಕನ್ನಡದಲ್ಲೇ ಒಂದು ಹಾಳೆ ಬರೆದುಕೋ: ಎಷ್ಟು ಗಂಟೆ, ಯಾವ ಬಾಗಿಲು, ಜಾಕೆಟ್ ಯಾರು ಕೊಟ್ಟದ್ದು, ಚಾಕು ಎಲ್ಲಿತ್ತು. ‘ಏನೂ ಆಗಲಿಲ್ಲ’ ಅಂತ ಮಾತ್ರ ಬರೆಯಬೇಡ. ಬರೆದದ್ದನ್ನು ಗಂಡನಿಗೆ ಓದಿ ಹೇಳು.

ಕಳಿಸಿದ ಮೇಲೆ ನನಗೊಂದು ಸಾಲು ಹಾಕು. ಕೆಲಸದ ಮಾತು ಆಮೇಲೆ ಆಡೋಣ.