ಯುದ್ಧದ ರಾತ್ರಿ ಟಿವಿ ಹೇಳಿದ್ದನ್ನು ನಂಬಬಹುದಾ?

ಪ್ರಶ್ನೆ: ನಮ್ಮ ಅಕ್ಕನ ಮಗ ಸೇನೆಯಲ್ಲಿದ್ದಾನೆ. 2025ರ ಮೇನಲ್ಲಿ, ಆಪರೇಷನ್ ಸಿಂಧೂರದ ಹೊತ್ತಲ್ಲಿ, ಕರಾಚಿ ಬಂದರು ಧ್ವಂಸ ಅಂತ ಟಿವಿಯವರು ರಾತ್ರಿಯೆಲ್ಲ ಕೂಗಿದರು. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಬೆಳಿಗ್ಗೆ ನೋಡಿದರೆ ಸುಳ್ಳು! ಯುದ್ಧದ ಸುದ್ದಿಗೆ ಸರ್ಕಾರದ ಕಡಿವಾಣ ಇರುತ್ತೆ ಅಂತಾರಲ್ಲ, ಇದು ಹೇಗೆ ಬಂತು?
– ಓದುಗರು, ಮಳವಳ್ಳಿ

ಉತ್ತರ: ಕಾರ್ಗಿಲ್ ಯುದ್ಧದ ಹೊತ್ತಲ್ಲಿ ನಾನು ಮೈಸೂರಿನ ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಹುಣಸೂರು, ಕೆ.ಆರ್. ಪೇಟೆ ಕಡೆಯಿಂದ ಸೈನಿಕರ ಮನೆಯವರು ಫೋನ್ ಮಾಡುತ್ತಿದ್ದರು. "ಸಾರ್, ಯಾರದ್ದಾದರೂ ಹೆಸರು ಬಂತಾ?" ಅಷ್ಟೇ ಕೇಳುತ್ತಿದ್ದರು. ಅದಕ್ಕೇ ಈ ವಿಷಯದಲ್ಲಿ ನನಗೆ ಸಿಟ್ಟು ಜಾಸ್ತಿ.

ಕಡಿವಾಣ ಇದ್ದೇ ಇತ್ತು. ಸೇನೆಯ ಕಾರ್ಯಾಚರಣೆಯನ್ನು, ಪಡೆಗಳ ಓಡಾಟವನ್ನು ನೇರ ಪ್ರಸಾರ ಮಾಡಬೇಡಿ ಅಂತ ಕೇಂದ್ರ ಸರ್ಕಾರ ಏಪ್ರಿಲ್ 26ರಂದೇ ಸೂಚನೆ ಕೊಟ್ಟಿತ್ತು. ಇದು ಸರಿಯಾದ ಕ್ರಮ. 2008ರಲ್ಲಿ ಮುಂಬೈ ದಾಳಿಯನ್ನು ಟಿವಿಯಲ್ಲಿ ನೋಡುತ್ತಲೇ ಪಾಕಿಸ್ತಾನದಲ್ಲಿ ಕೂತವರು ಉಗ್ರರಿಗೆ ಫೋನಿನಲ್ಲಿ ದಾರಿ ತೋರಿಸಿದರು. ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಚಾನೆಲ್‌ಗಳನ್ನು ಕಟುವಾಗಿ ಟೀಕಿಸಿತು. ನಿಮ್ಮ ಹುಡುಗ ಎಲ್ಲಿದ್ದಾನೆ ಅಂತ ಟಿವಿ ಹೇಳಬಾರದು. ನೀವೂ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ.

ಆದರೆ ಕಡಿವಾಣ ಒಂದೇ ಕಡೆ ಬಿಗಿಯಾಯಿತು ನೋಡಿ. ಕರಾಚಿ ಸುಳ್ಳು ಬಂದ ಅದೇ ವಾರ 'ದಿ ವೈರ್' ಸುದ್ದಿ ಜಾಲತಾಣವನ್ನು ಸರ್ಕಾರ ತಡೆಹಿಡಿಯಿತು. ಭಾರತದ ರಫೇಲ್ ಯುದ್ಧವಿಮಾನ ಬಿದ್ದಿದೆ ಎಂಬ ಸಿಎನ್‌ಎನ್ ವರದಿಯ ಬಗ್ಗೆ ಅಲ್ಲಿ ಬಂದಿದ್ದ ಲೇಖನ ಅದಕ್ಕೆ ಕಾರಣ. ಕರಾಚಿ ಸುಳ್ಳು ಹೇಳಿದ ಯಾವ ಚಾನೆಲ್ಲೂ ನಿಲ್ಲಲಿಲ್ಲ! ಗೆದ್ದೆವು ಅನ್ನೋ ಸುಳ್ಳಿಗೆ ಅಡ್ಡಿಯಿಲ್ಲ, ಸೋಲಿನ ಸುಳಿವಿಗೆ ಬೀಗ. ಹೀಗಾದರೆ ನಿಜ ಹೇಳೋಕೆ ಯಾರಿಗೆ ಧೈರ್ಯ ಬರುತ್ತೆ? ನಾವೂ ವಿಮಾನ ಕಳೆದುಕೊಂಡೆವು ಅಂತ ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಬಾಯಿಬಿಟ್ಟು ಒಪ್ಪಿದ್ದು ಮೇ 31ಕ್ಕೆ. ಅದೂ ಸಿಂಗಪುರದಲ್ಲಿ, ವಿದೇಶಿ ಮಾಧ್ಯಮದವರ ಮುಂದೆ. ಪಾಕಿಸ್ತಾನಕ್ಕೆ ಮೊದಲ ದಿನವೇ ಗೊತ್ತಿದ್ದ ವಿಷಯ ಅದು. ಗೊತ್ತಿಲ್ಲದೆ ಇದ್ದವರು ಮಳವಳ್ಳಿಯವರು, ಮೈಸೂರಿನವರು.

ಇದು ಇವತ್ತಿನ ಸರ್ಕಾರದ ಚಾಳಿ ಮಾತ್ರ ಅಲ್ಲ. 1962ರ ಚೀನಾ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಹೊರಗೆ ಬಿಟ್ಟಿಲ್ಲ. ಮುಂದೆ ನಡೆಯೋ ಕಾರ್ಯಾಚರಣೆಯನ್ನು ಮುಚ್ಚಿಡಲಿ, ಒಪ್ಪುತ್ತೇನೆ. ಆಗಿಹೋದ ನಷ್ಟವನ್ನು ಮಗನನ್ನು ಗಡಿಗೆ ಕಳಿಸಿದ ತಾಯಿಯಿಂದ ಮುಚ್ಚಿಡೋದನ್ನು ಒಪ್ಪಲಾರೆ.

ಪ್ರಶ್ನೆ: ಹಾಗಾದರೆ ನಮ್ಮಂಥವರು ಏನು ಮಾಡಬಹುದು?
– ಅದೇ ಓದುಗರು

ಉತ್ತರ: ಹೆಸರು, ಹುದ್ದೆ ಹೇಳಿಕೊಂಡು ಕ್ಯಾಮೆರಾ ಮುಂದೆ ನಿಂತವರ ಮಾತಿಗೆ ಕಿವಿಗೊಡಿ. 'ಮೂಲಗಳ ಪ್ರಕಾರ' ಅಂತ ಬಂದರೆ ಬೆಳಗಾಗುವವರೆಗೆ ಕಾಯಿರಿ. ಸುಳ್ಳು ಅಂತ ಖಾತ್ರಿಯಾದರೆ ದಿನಾಂಕ, ಸಮಯ ಹಾಕಿ ಆ ಚಾನೆಲ್‌ಗೇ ಲಿಖಿತ ದೂರು ಕೊಡಿ. 2021ರ ಕೇಬಲ್ ಟಿವಿ ನಿಯಮದ ಪ್ರಕಾರ 15 ದಿನದೊಳಗೆ ಅವರು ಉತ್ತರ ಕೊಡಬೇಕು. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ, ಇದೇ ಅಂಕಣದಲ್ಲಿ ಹಾಕೋಣ.