ಐಕಿಡೋ ಧ್ಯಾನದಲ್ಲಿ ಹುಟ್ಟಿದ ಕಲೆಯೇ?

ಪ್ರಶ್ನೆ: ಕೆಲವು ತಿಂಗಳಿಂದ ಜಪಾನಿನ ಸಮರಕಲೆ ಐಕಿಡೋ ಕಲಿಯುತ್ತಿದ್ದೇನೆ. ಇದನ್ನು ಹುಟ್ಟುಹಾಕಿದ ಉಯೆಶಿಬಾ ಸಂತರು, ಧ್ಯಾನದಲ್ಲಿ ಅವರಿಗೆ ಈ ಕಲೆ ಹೊಳೆಯಿತು, ಮನಸ್ಸು ಶಾಂತವಾದರೆ ಎದುರಾಳಿ ತಾನಾಗೇ ಬೀಳುತ್ತಾನೆ ಅಂತ ನಮ್ಮ ಮಾಸ್ಟರ್ ಹೇಳುತ್ತಾರೆ. ಹಾಗಿದ್ದರೆ ಮಣಿಕಟ್ಟು ತಿರುಚುವುದನ್ನು ಇಷ್ಟೊಂದು ಅಭ್ಯಾಸ ಮಾಡುವುದು ಯಾಕೆ?

ಉತ್ತರ: ಈ ಕಥೆಯನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಮೊರಿಹೆಯಿ ಉಯೆಶಿಬಾ ಶಾಂತಿಯ ಮಾತಾಡಿದ್ದು ನಿಜ. ಆದರೆ ಆ ಮಾತಿಗೆ ಬರುವ ಮೊದಲು ಅವರು ಏನೇನು ಕಂಡಿದ್ದರು ಅನ್ನುವುದನ್ನು ಬಿಟ್ಟರೆ ಐಕಿಡೋ ಅರ್ಥವೇ ಆಗುವುದಿಲ್ಲ.

ಅವರು ಹುಟ್ಟಿದ್ದು 1883ರಲ್ಲಿ, ಜಪಾನಿನ ವಾಕಯಾಮಾ ಪ್ರಾಂತ್ಯದ ತಾನಾಬೆಯಲ್ಲಿ. ರಷ್ಯಾ–ಜಪಾನ್ ಯುದ್ಧದಲ್ಲಿ ಸೈನಿಕರಾಗಿದ್ದರು. 1912ರಲ್ಲಿ ಊರಿನ ಒಂದಷ್ಟು ಕುಟುಂಬಗಳನ್ನು ಕರೆದುಕೊಂಡು ಉತ್ತರದ ಹೊಕ್ಕೈಡೋ ದ್ವೀಪಕ್ಕೆ ಹೋದರು, ಕಾಡು ಕಡಿದು ಹೊಲ ಮಾಡಿದರು. 1915ರಲ್ಲಿ ಅಲ್ಲಿನ ಎಂಗಾರು ಊರಿನ ಒಂದು ವಸತಿಗೃಹದಲ್ಲಿ ಸೊಕಾಕು ತಕೇಡಾ ಸಿಕ್ಕರು. ತಕೇಡಾ ಐಜು ಪ್ರದೇಶದ ಸಮುರಾಯ್ ಮನೆತನದವರು. ಕುಳ್ಳನೆಯ ಆಳು, ಯಾರನ್ನೂ ಸುಲಭವಾಗಿ ನಂಬದ ಮನುಷ್ಯ. ಅವರು ಕಲಿಸುತ್ತಿದ್ದ ದೈತೋ-ರ್ಯು ಜುಜುತ್ಸುವಿನಲ್ಲಿ ಕೀಲು ಮುರಿಯುವುದು, ನೆಲಕ್ಕೆ ಕೆಡವಿ ಅದುಮುವುದು ಎಲ್ಲ ಇದೆ. ನೀವು ಇವತ್ತು ತರಗತಿಯಲ್ಲಿ ಮಾಡುವ ಇಕ್ಕ್ಯೋ, ನಿಕ್ಯೋ ಎಂಬ ಕೈ ಹಿಡಿದು ಅದುಮುವ ಪಟ್ಟುಗಳ, ಶಿಹೋನಾಗೆ ಎಂಬ ಎಸೆತದ ಬೇರು ಅಲ್ಲಿದೆ. 1922ರಲ್ಲಿ ಉಯೆಶಿಬಾಗೆ ಕಲಿಸುವ ಅಧಿಕಾರ ಕೊಟ್ಟವರೂ ತಕೇಡಾ ಅವರೇ.

ಧರ್ಮದ ಕಡೆಯದು ಇನ್ನೊಂದು ಎಳೆ. ತಂದೆಗೆ ಕಾಯಿಲೆ ಅಂತ ತಿಳಿದು ಊರಿಗೆ ಹೊರಟ ಉಯೆಶಿಬಾ, ದಾರಿಯಲ್ಲಿ ಅಯಾಬೆ ಊರಿಗೆ ಹೋಗಿ ಓಮೋತೋ ಎಂಬ ಧಾರ್ಮಿಕ ಪಂಥದ ನಾಯಕ ಒನಿಸಬುರೋ ದೆಗುಚಿ ಅವರನ್ನು ಕಂಡರು. ಊರು ಸೇರುವಷ್ಟರಲ್ಲಿ ತಂದೆ ತೀರಿಕೊಂಡಿದ್ದರು. ಆಮೇಲೆ ಸಂಸಾರ ಸಮೇತ ಅಯಾಬೆಗೇ ಹೋಗಿ ನೆಲೆಸಿದರು. 1924ರಲ್ಲಿ ದೆಗುಚಿ ಜೊತೆ ಮಂಗೋಲಿಯಾಕ್ಕೆ ಹೋಗಿ ಸೆರೆ ಸಿಕ್ಕರು, ಗುಂಡಿಗೆ ಬಲಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು. ನಿಮ್ಮ ಮಾಸ್ಟರ್ ಹೇಳುವ ದರ್ಶನ 1925ರದು. ಮರದ ಕತ್ತಿ ಹಿಡಿದು ಮೇಲೆ ಬಿದ್ದ ನೌಕಾಪಡೆಯ ಅಧಿಕಾರಿಯೊಬ್ಬರಿಗೆ ತಿರುಗಿ ಹೊಡೆಯದೆ, ಅವರು ಸುಸ್ತಾಗುವವರೆಗೆ ತಪ್ಪಿಸಿಕೊಂಡರಂತೆ. ಆಮೇಲೆ ತೋಟದಲ್ಲಿ ಬಂಗಾರದ ಬೆಳಕು ತನ್ನನ್ನು ಆವರಿಸಿತು ಅಂತ ಅವರೇ ಹೇಳಿಕೊಂಡಿದ್ದಾರೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗಮನಿಸಿ, ಆ ಹೊತ್ತಿಗೆ ಅವರು ಹತ್ತು ವರ್ಷ ದೈತೋ-ರ್ಯು ಮಾಡಿದ್ದರು. ಕತ್ತಿಯಿಂದ ತಪ್ಪಿಸಿಕೊಂಡದ್ದು ಆ ಪಳಗಿದ ಮೈ.

ದರ್ಶನವಾದ ಮೇಲಾದರೂ ಅವರ ಅಭ್ಯಾಸ ಮೆತ್ತಗಾಯಿತೇ? ಇಲ್ಲ. 1931ರಲ್ಲಿ ಟೋಕಿಯೊದಲ್ಲಿ ಕಟ್ಟಿದ ಅವರ ಕೊಬುಕಾನ್ ಶಾಲೆಗೆ ಜನ ಇಟ್ಟ ಹೆಸರು ‘ನರಕದ ಡೋಜೋ’, ಅಂದರೆ ನರಕದ ಗರಡಿ. ಸೇನೆ, ನೌಕಾಪಡೆಯ ಶಾಲೆಗಳಲ್ಲೂ ಕಲಿಸಿದರು. ಇದನ್ನು ಮುಚ್ಚಿಟ್ಟು ಬರೀ ಬಿಳಿಗಡ್ಡದ ಅಜ್ಜನನ್ನು ತೋರಿಸುವುದು ಸರಿಯಲ್ಲ. ಐಕಿಡೋ ಅನ್ನುವ ಹೆಸರು ಅಧಿಕೃತವಾದದ್ದು 1942ರಲ್ಲಿ. ಅದೇ ವರ್ಷ ಅವರು ಟೋಕಿಯೊ ಬಿಟ್ಟು ಇವಾಮಾ ಹಳ್ಳಿಗೆ ಹೋಗಿ ಬೇಸಾಯಕ್ಕಿಳಿದರು. ಎದುರಾಳಿಯನ್ನೂ ಕಾಪಾಡಬೇಕು ಅನ್ನುವ ಮಾತಿಗೆ ಎರಡನೇ ಮಹಾಯುದ್ಧದ ನಂತರ ಜಾಸ್ತಿ ತೂಕ ಬಂತು.

ಈಗ ನಿಮ್ಮ ಮಣಿಕಟ್ಟಿಗೆ ಬರೋಣ. ಎದುರಾಳಿಯ ಕೀಲು ನಿಮ್ಮ ಕೈಗೆ ಸಿಕ್ಕಿದೆ. ಇನ್ನೊಂದು ಇಂಚು ತಿರುಚಿದರೆ ಮುರಿಯುತ್ತದೆ. ಅಲ್ಲಿ ನಿಲ್ಲಿಸಿ, ಅವನಿಗೆ ಬೀಳಲು ಜಾಗ ಕೊಡುತ್ತೀರಿ. ಐಕಿಡೋದ ತತ್ವ ಪೂರ್ತಿ ಆ ಒಂದು ಇಂಚಿನಲ್ಲಿದೆ. ಮುರಿಯುವುದು ಎಲ್ಲಿ ಅಂತಲೇ ಗೊತ್ತಿಲ್ಲದವನು ಎಲ್ಲಿ ನಿಲ್ಲಿಸುತ್ತಾನೆ? ಶಿಹೋನಾಗೆ ಅಜಾಗರೂಕತೆಯಿಂದ ಮಾಡಿದರೆ ಕೆಳಗಿನವನ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ, ಜೀವಕ್ಕೇ ಕುತ್ತು. ಹಾಗಾಗಿ ಮೊದಲು ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವುದು, ಗಟ್ಟಿಯಾಗಿ ಕಲಿಯಿರಿ. ಅದನ್ನು ಕಲಿಸದೆ ಶಕ್ತಿ, ಪ್ರಭೆ ಅಂತ ಮಾತಾಡುವ ತರಗತಿ ಇದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಮುಟ್ಟದೆ ‘ಕೀ’ ಎಂಬ ಒಳಗಿನ ಪ್ರಾಣಶಕ್ತಿಯಿಂದಲೇ ನಾಲ್ಕು ಜನರನ್ನು ಬೀಳಿಸುವ ವಿಡಿಯೊ ನೋಡಿದೆ. ಅದು ಸಾಧ್ಯವೇ?

ಉತ್ತರ: ಬೀಳುವವರು ಅವರದೇ ಶಿಷ್ಯರು, ಅಲ್ವಾ? ಪರಿಚಯವೇ ಇಲ್ಲದ ಒಬ್ಬ ಕುಸ್ತಿಪಟುವನ್ನು ಹಾಗೆ ಬೀಳಿಸಿದ ದಿನ ಬರೆಯಿರಿ.

ಪ್ರಶ್ನೆ: ಇವೆಲ್ಲ ಬೌದ್ಧ ಭಿಕ್ಷು ಬೋಧಿಧರ್ಮ ಭಾರತದಿಂದ ಒಯ್ದ ಕಲೆಗಳಲ್ಲವೇ?

ಉತ್ತರ: ಅಲ್ಲ. ಐಕಿಡೋ 20ನೇ ಶತಮಾನದ ಜಪಾನಿನದು, ಯಾರಿಂದ ಯಾರಿಗೆ ಬಂತು ಅಂತ ಮೇಲೆ ಬರೆದಿದ್ದೇನೆ. ನಮ್ಮ ಕೇರಳದ ಸಮರಕಲೆ ಕಳರಿಪಯಟ್ಟಿನ ದೊಡ್ಡತನಕ್ಕೆ ಇಂಥ ಕಥೆಯ ಆಸರೆ ಬೇಕಿಲ್ಲ.

ಪ್ರಶ್ನೆ: ಐಕಿಡೋದಲ್ಲಿ ಸ್ಪರ್ಧೆ ಯಾಕಿಲ್ಲ?

ಉತ್ತರ: ಉಯೆಶಿಬಾ ಅವರ ಶಿಷ್ಯ ಕೆಂಜಿ ತೊಮಿಕಿ ಅವರ ಶಾಖೆಯಲ್ಲಿ ಇದೆ. ಉಯೆಶಿಬಾ ಒಪ್ಪಲಿಲ್ಲ, ನಾನೂ ಅವರ ಕಡೆಗೇ.

ಪ್ರಶ್ನೆ: ಮಗಳ ಕಾಲೇಜಿನಲ್ಲಿ ಮೂರು ದಿನದ ಆತ್ಮರಕ್ಷಣೆ ಶಿಬಿರವಿದೆ, ಚಾಕು ಕಿತ್ತುಕೊಳ್ಳುವುದನ್ನೂ ಕಲಿಸುತ್ತಾರಂತೆ. ಕಳಿಸಲೇ?

ಉತ್ತರ: ಚಾಕುವಿನ ಪಾಠಕ್ಕೆ ಬೇಡ. ಮೂರು ದಿನದಲ್ಲಿ ಬರುವುದು ಸುಳ್ಳು ಧೈರ್ಯ, ಅದೇ ಅಪಾಯ. ಚಾಕು ಕಂಡರೆ ಕೇಳಿದ್ದನ್ನು ಕೊಟ್ಟು ಓಡಬೇಕು, ಕಿರುಚಬೇಕು, 112ಕ್ಕೆ ಕರೆ ಮಾಡಬೇಕು. ಅವಳಿಗೆ ನಿಜವಾಗಿ ಆಸಕ್ತಿ ಇದ್ದರೆ ಹತ್ತಿರದ ತರಗತಿಗೆ ಸೇರಿಸಿ. ಆದರೆ ಮೊದಲು ನೀವೇ ಹೋಗಿ ಒಂದು ದಿನ ಕುಳಿತು ನೋಡಿ. ಹೊಸಬರನ್ನು ಅಲ್ಲಿ ಹೇಗೆ ಬೀಳಿಸುತ್ತಾರೆ ಅನ್ನುವುದನ್ನು ನೋಡಿದರೆ ಸಾಕು.